ಅವ್ವನ ಕೌದಿ ಮತ್ತ ಗಾಳಿ ಮಷೀನು

ಮೊನ್ನೆ ನಮ್ಮ ವೈನಿ ಬಂದಾಗ ಕೇಳಿದ್ರು, "ನಿನ್ನ ಮಗಳು ಮುಂಜಾನೆದ್ದು ಶೀನೂದು ಬಿಟ್ಟಾಳಲ್ಲ, ಆ ಮಷೀನಿಂದನ ಕಮ್ಮಿ ಆತೇನು? ನಾನೂ ಒಂದು ತೊಗೊಳ್ಳಲೇನು?" ಅಂತ. ಒಂದ ಮಾತಿನಾಗ ಹೇಳೋ ವಿಷಯ ಅಲ್ಲ, ಅದಕ್ಕ ಬರದ ಬಿಡ್ತೀನಿ.

ಆಕೀಗೆ ಎರಡು ವರ್ಷದಿಂದ ಇದ ಗೋಳು. ಎದ್ದ ಕೂಡಲೇ ಹತ್ತು ಹದಿನೈದು ಶೀನು, ಮೂಗಿನಾಗ ನೀರು, ಕೆಂಪು ಕಣ್ಣು. ಸಾಲಿಗೆ ಹೋದ ಮ್ಯಾಲೆ ಆರಾಮ. ಧಾರವಾಡದ ಧೂಳು ಅಂತ ನಾವು ಕಿಡಕಿ ಮುಚ್ಚಿದ್ವಿ. ಡಾಕ್ಟರು ತೋಳಿಗೆ ಚುಚ್ಚಿ ಪರೀಕ್ಷಾ ಮಾಡಿ, ಇದು ರಸ್ತಾದ ಧೂಳಲ್ಲ, ಹಾಸಗ್ಯಾಗಿನ ಧೂಳಹುಳದ ಅಲರ್ಜಿ ಅಂದ್ರು. ಕಣ್ಣಿಗೆ ಕಾಣದಂಥಾ ಹುಳ, ನಮ್ಮ ಮೈಯಿಂದ ಉದುರೋ ಚರ್ಮದ ಪುಡಿ ತಿಂದು ಬದುಕ್ತಾವ. "ಹೊದಿಕಿ, ದಿಂಬಿನ ಚೀಲ ವಾರಕ್ಕೊಮ್ಮೆ ಬಿಸಿನೀರಾಗ ಒಗೀರಿ" ಅಂದ್ರು.

ಹೊದಿಕಿ ಅಂದ್ರ ನಮ್ಮವ್ವನ ಕೌದಿ. ತನ್ನ ಹಳೇ ಇಳಕಲ್ ಸೀರಿ ಹರಿದು ಕೈಯಾರೆ ಹೊಲಿದದ್ದು. ಅವ್ವ ಹೋಗಿ ಮೂರು ವರ್ಷ ಆತು, ಅದನ್ನ ನಾ ಒಮ್ಮೆನೂ ಒಗದಿರಲಿಲ್ಲ. ಯಾಕಂತ ನಿಮಗ ಹೇಳಬೇಕಿಲ್ಲ. ಮಗಳೂ ಅಜ್ಜಿ ವಾಸನಿ ಅಂತ ಮಾರಿ ಮ್ಯಾಲೆ ಎಳಕೊಂಡ ಮಲಗ್ತಿದ್ಲು.

ಒಗಿಯೋದು ಬಿಟ್ಟು ನಾ 11 ಸಾವಿರ ಕೊಟ್ಟು ಏರ್ ಪ್ಯೂರಿಫೈಯರ್ ತರಿಸಿದೆ. ಅದರಾಗ ಹೆಪಾ ಫಿಲ್ಟರ್, 0.3 ಮೈಕ್ರಾನ್ ಕಣ ಸೈತ ನೂರಕ್ಕ 99.97 ಹಿಡೀತದ. ಊದಿನಕಡ್ಡಿ ಹೊಗಿ ಕಮ್ಮಿ ಆತು, ರಾತ್ರಿ ಮೂಗು ಕಟ್ಟೋದೂ ಸ್ವಲ್ಪ ಇಳೀತು. ಮುಂಜಾನಿ ಶೀನು ಮಾತ್ರ ಹಂಗ ಇತ್ತು. ಮಷೀನು ಗಾಳ್ಯಾಗ ತೇಲೋದನ್ನಷ್ಟ ಹಿಡೀತದ. ಹುಳದ ಹೊಲಸು ಭಾರ, ಜಾಡಿಸಿದ್ರ ಏಳ್ತದ, ಸ್ವಲ್ಪ ಹೊತ್ತಿಗೆ ಕೆಳಗ ಕೂಡ್ತದ. ಮಷೀನು ಮೂಲ್ಯಾಗ, ಕೌದಿ ಮೂಗಿನ ಮ್ಯಾಲೆ. ಏನು ಉಪಯೋಗ?

ಒಂದ ರಾತ್ರಿ ಮಗಳ ಎದಿ ಸುಂಯ್ ಅಂತ ಕೂಗಲಿಕ್ಕೆ ಹತ್ತು. ದವಾಖಾನಿಗೆ ಓಡಿದ್ವಿ. ಮಾಸ್ಕ್ ಹಾಕಿ ಔಷಧದ ಹಬಿ ಕೊಟ್ರು. ಹೊಳ್ಳಿ ಬರೋವಾಗ ನೆನಪಾತು: ದಸರಾ ಬಂತಂದ್ರ ಅವ್ವ ಮನಿ ಕೌದಿ ಎಲ್ಲಾ ಗಂಟು ಕಟ್ಟಿ ಹಳ್ಳಕ್ಕ ಒಯ್ದು ಬಡಿದು ಒಗೀತಿದ್ಲು. ಒಗೀದ ಕೌದಿ ಮೊಮ್ಮಗಳಿಗೆ ಹೊಚ್ಚೀನಿ ಅಂತ ಗೊತ್ತಾದ್ರ ಆಕೀನ ನನ್ನ ಬೈತಿದ್ಲು.

ಮರುದಿನ 60 ಡಿಗ್ರಿ ಬಿಸಿನೀರಾಗ ಒಗದೆ. ಸೀರಿ ಬಣ್ಣ ನೀರಾಗ ಇಳಿಯೋದು ನೋಡಿ ಅಳು ಬಂತು. ಎರಡು ದಿನ ಮಾಳಿಗಿ ಬಿಸಲಿಗೆ ಹಾಕಿದೆ. ವಾಸನಿ ಹೋತು. ಅವ್ವನ ಹೊಲಿಗಿ ಮಾತ್ರ ಒಂದೂ ಬಿಚ್ಚಿಲ್ಲ.

ಈಗ ಶೀನು ಎರಡೋ ಮೂರೋ. ವೈನಿ, ಮೊದಲು ಹಾಸಗಿ ಒಗೀರಿ, ಆಮ್ಯಾಲೆ ಮಷೀನು. ತೊಗೊಂಡ್ರ ಖೋಲಿ ಅಳತಿಗೆ ಸರಿ ಆಗೋದು ತೊಗೋರಿ, ಓಝೋನ್ ಬಿಡೋದು ಬ್ಯಾಡ. ಬಾಗಲಾ ಹಾಕ್ಕೊಂಡು ನಡಸ್ರಿ, ಫಿಲ್ಟರ್ ಬದಲಿ ಖರ್ಚು ಮೊದಲ ಕೇಳ್ರಿ. ಡಾಕ್ಟರ್ ಕೊಟ್ಟ ಗುಳಿಗಿ ನಿಮ್ಮಷ್ಟಕ್ಕ ನೀವ ಬಿಡಬ್ಯಾಡ್ರಿ.