ಉಳಿಯ ಪೆಟ್ಟಿನ ಲೆಕ್ಕ

ಕಂಪ್ಯೂಟರಿನ ಆಟವೆಂದೊಡನೆ ಮೂಗು ಮುರಿಯುವುದು ನಮ್ಮ ವಯಸ್ಸಿನವರ ವಾಡಿಕೆ. ಆದರೆ ಮಠದ ಪಾಠಶಾಲೆಯಲ್ಲಿ ಅಮರಕೋಶವನ್ನು ಉರುಹೊಡೆದು ಬೆಳೆದ ನನಗೆ, ರಜೆಗೆ ಬಂದ ಮೊಮ್ಮಗನು ಆಡುತ್ತಿದ್ದ ಆಟದಲ್ಲಿ ಪರಿಚಿತವಾದುದೇನೋ ಕಂಡಿತು.

ಓಲ್ಡ್ ಸ್ಕೂಲ್ ರೂನ್‌ಸ್ಕೇಪ್ ಎಂಬುದು ಅದರ ಹೆಸರು. ಇಂಗ್ಲೆಂಡಿನಲ್ಲಿ 2001ರಲ್ಲಿ ಹುಟ್ಟಿದ ಆಟದ ಹಳೆಯ ರೂಪವಿದು. 2013ರಲ್ಲಿ ಮತ್ತೆ ಚಾಲನೆಗೊಂಡಿತು. ಅಂತರಜಾಲದ ಮೂಲಕ ನಾನಾ ದೇಶದವರು ಒಟ್ಟಿಗೆ ಆಡುವ ಇದರಲ್ಲಿ ಹಲವು ಕಸುಬುಗಳಿವೆ. ಉಳಿಯಿಂದ ಹರಳು ಕೆತ್ತುವುದು ಅವುಗಳಲ್ಲೊಂದು.

ಕಲಿಯತೊಡಗಿದವನಿಗೆ ಮೊದಲು ಓಪಲ್, 13ನೆಯ ಮೆಟ್ಟಿಲಿನಲ್ಲಿ ಜೇಡ್. ಇವು ಕೆತ್ತುವಾಗ ಪುಡಿಯಾಗುವುದುಂಟು. ಪುಡಿಯಾದರೂ ಅಲ್ಪ ಅನುಭವಾಂಕ ಲಭಿಸುತ್ತದೆ. ಒಡೆದ ಕಲ್ಲೂ ಕಲಿಸುತ್ತದೆಂಬ ಈ ನಿಯಮವನ್ನು ರೂಪಿಸಿದವರು ಶಿಲ್ಪಿಯ ಮನಸ್ಸನ್ನು ಬಲ್ಲವರೇ ಇರಬೇಕು! ಮುಂದೆ 20ಕ್ಕೆ ನೀಲ, 27ಕ್ಕೆ ಪಚ್ಚೆ, 34ಕ್ಕೆ ಮಾಣಿಕ್ಯ, 43ಕ್ಕೆ ವಜ್ರ. ಚೀಲದಲ್ಲಿ 28 ಸ್ಥಾನಗಳು. ಉಳಿಗೆ ಒಂದು, ಹರಳಿಗೆ 27. ಆದುದರಿಂದ ಜಾಣರು ಭಂಡಾರದ ಎದುರಿನಲ್ಲಿಯೇ ನಿಂತು, ತೆಗೆದು, ಕೆತ್ತಿ, ಒಪ್ಪಿಸಿ, ಮತ್ತೆ ತೆಗೆಯುತ್ತಾರೆ. ಹೆಜ್ಜೆಯೊಂದೂ ವ್ಯರ್ಥವಾಗದು.

ಒಂದು ವಜ್ರಕ್ಕೆ 107.5 ಅಂಕ. ಕೊನೆಯ ಮೆಟ್ಟಿಲಾದ 99ನ್ನು ಮುಟ್ಟಲು 1,30,34,431 ಅಂಕಗಳು ಬೇಕು. ಸೋಜಿಗವೆಂದರೆ, 92ನೆಯ ಮೆಟ್ಟಿಲಿನಲ್ಲಿ ನಿಂತವನು ಅರ್ಧದಾರಿಯನ್ನು ಮಾತ್ರ ಸವೆಸಿರುತ್ತಾನೆ. ಉಳಿದ ಏಳು ಮೆಟ್ಟಿಲಿಗೆ ಇನ್ನೂ ಅರವತ್ತು ಸಾವಿರಕ್ಕೂ ಮಿಕ್ಕ ವಜ್ರಗಳನ್ನು ಕೆತ್ತಬೇಕು. ಶಾಸ್ತ್ರಾಭ್ಯಾಸ ಮಾಡಿದ ಯಾರಿಗೂ ಈ ಲೆಕ್ಕ ಸುಳ್ಳೆನಿಸದು.

ಮೊಮ್ಮಗನ ಗಮನವೆಲ್ಲ ಗಂಟೆಗೆ ಎಷ್ಟು ಅಂಕವೆಂಬುದರ ಮೇಲೆಯೇ ಇತ್ತು. "ಅಜ್ಜಾ, ದಿನಾ ತಪ್ಪದ ಮಾಡ್ತೀನಿ. ಇದೂ ಕಾಯಕ ಅಲ್ಲೇನು?" ಎಂದು ಕೇಳಿದ.

ನಗೆಯಾಡಿ ತಳ್ಳಿಹಾಕುವ ಪ್ರಶ್ನೆಯಲ್ಲ ಅದು. ನಮ್ಮ ಮನೆಗಳಲ್ಲಿಯೇ ಎಷ್ಟೋ ಜನ ಸಂಬಳದ ದುಡಿಮೆಯನ್ನೆಲ್ಲ ಕಾಯಕವೆಂದು ಕರೆದು ನಿಶ್ಚಿಂತರಾಗಿದ್ದೇವೆ. ಅವನಿಗೆ ಆಯ್ದಕ್ಕಿ ಲಕ್ಕಮ್ಮನ ಪ್ರಸಂಗವನ್ನು ಹೇಳಿದೆ. ಪತಿ ಮಾರಯ್ಯನು ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದವನು. ಒಂದು ದಿನ ಅಗತ್ಯಕ್ಕಿಂತ ಹೆಚ್ಚು ತಂದಾಗ, ಹೆಚ್ಚಿನದನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಆಕೆ ಹೇಳಿದಳು. ಆಕೆಯ ಅಳತೆಗೋಲು ದಾಸೋಹ. ಎಷ್ಟು ಆಯ್ದನೆಂಬುದಲ್ಲ, ಯಾರಿಗಾಗಿ ಆಯ್ದನೆಂಬುದು.

"ನೀ ಕೆತ್ತಿದ ಹರಳು ಯಾರಿಗೋ?" ಎಂದೆ.

ಅವನು ಪ್ರಾಮಾಣಿಕವಾಗಿಯೇ ಉತ್ತರಿಸಿದ. ಆಟದ ಪೇಟೆಯಲ್ಲಿ ಕೆತ್ತಿದ ಹರಳಿಗೆ ಕೆಲವು ವೇಳೆ ಕಚ್ಚಾ ಹರಳಿಗಿಂತ ಕಡಿಮೆ ಬೆಲೆಯಂತೆ! ಅಂಕಕ್ಕಾಗಿ ಎಲ್ಲರೂ ಕೆತ್ತುವವರೇ ಆದರೆ ಕೊಳ್ಳುವವರು ಯಾರು? ದುಡಿದವನು ತನ್ನ ದುಡಿಮೆಗೆ ತಾನೇ ಹಣ ತೆರುವ ಇಂತಹ ಮಾರುಕಟ್ಟೆಯನ್ನು ನಾನು ಯಾವ ಅರ್ಥಶಾಸ್ತ್ರದಲ್ಲಿಯೂ ಓದಿರಲಿಲ್ಲ.

ಎರಡು ದಿನ ಕಳೆದ ಮೇಲೆ ಅವನು ಹೊಸ ಸುದ್ದಿ ತಂದ. ಆಟಕ್ಕೆ ಹೊಸದಾಗಿ ಸೇರಿದ ಗೆಳೆಯನೊಬ್ಬನಿಗೆ ಮಾಣಿಕ್ಯವನ್ನು ಚಿನ್ನದಲ್ಲಿ ಕೂರಿಸಿ ತಾಯಿತವೊಂದನ್ನು ಮಾಡಿಕೊಟ್ಟನಂತೆ. ಇಷ್ಟಲಿಂಗ ಧರಿಸಿದವನಿಗೆ ತಾಯಿತದ ಗೊಡವೆ ಏಕೆಂದು ಕೇಳಬೇಕೆನಿಸಿತು, ಕೇಳಲಿಲ್ಲ. ಕುಲುಮೆಗೆ ಹೋಗಿ ಬರುವುದರಲ್ಲಿ ಆ ದಿನದ ಅಂಕ ಅರ್ಧಕ್ಕೂ ಕಡಿಮೆಯಾಯಿತೆಂದು ಅವನೇ ಹೇಳಿದ. ಹೇಳುವಾಗ ಮುಖದಲ್ಲಿ ಬೇಸರವಿರಲಿಲ್ಲ.