ಇಪ್ಪತ್ತೆಂಟು ದಿನದ ತಿಂಗಳು

ಸರ್ಕಾರಿ ಚಾಕರಿಯವರಾದ ನಮ್ಮ ಪಾಲಿಗೆ ತಿಂಗಳು ಮುಗಿಯುವುದು ಕೊನೆಯ ಕೆಲಸದ ದಿನ ಸಂಬಳ ಜಮೆಯಾದಾಗ. ಧಾರವಾಡದಲ್ಲಿ ಒಬ್ಬಳೇ ಇರುವ ಅವ್ವನ ಫೋನಿಗೆ ಹಣ ಹಾಕುವ ಕೆಲಸವನ್ನೂ ಪುಣೆಯಲ್ಲಿದ್ದ ನಾವು ಆ ದಿನಕ್ಕೇ ಗಂಟು ಹಾಕಿಕೊಂಡಿದ್ದೆವು. 2023ರ ಜನವರಿ 31ರಂದು ಹಾಕಿದೆವು. ಕಂಪನಿಯ ತಿಂಗಳಿಗೆ ಮಾತ್ರ 28 ದಿನ. ಫೆಬ್ರವರಿ 28, ಮಾರ್ಚ್ 28, ಏಪ್ರಿಲ್ 25, ಮೇ 23 ಎಂದು ಗಡುವು ಹಿಂದಕ್ಕೆ ಜಾರುತ್ತಾ ಜೂನ್ 20ಕ್ಕೆ ಬಂದು ನಿಂತಿತು. ಅಲ್ಲಿಯವರೆಗೆ ಹೇಗೋ ನೆನಪಿಟ್ಟು ಹಾಕಿದ್ದೆವು; ಆ ಸಲ ಕಚೇರಿಯ ತಪಾಸಣೆಯ ಗಡಿಬಿಡಿಯಲ್ಲಿ ಮರೆತೆವು.

ಅದೇ ರಾತ್ರಿ ಅವ್ವ ಬಚ್ಚಲಲ್ಲಿ ಜಾರಿ ಬಿದ್ದಳು. ಮಣಿಕಟ್ಟಿನ ಎಲುಬು ಬಿರಿದಿತ್ತು. ಎಡಗೈಯಲ್ಲಿ ಫೋನು ಹಿಡಿದು ಮತ್ತೆ ಮತ್ತೆ ನಮಗೆ ಹಚ್ಚಿದ್ದಾಳೆ. ಸಿಮ್ಮು ನಮ್ಮ ಹೆಸರಿನಲ್ಲಿ ಪುಣೆಯಲ್ಲಿ ಕೊಂಡದ್ದು, ಆದ್ದರಿಂದ ಉತ್ತರ ಬಂದದ್ದು ಮರಾಠಿಯಲ್ಲಿ. ಬೆಳಿಗ್ಗೆ ಹಾಲಿನವನು ಬಾಗಿಲು ತಟ್ಟಿದ ಮೇಲೆಯೇ ಸುದ್ದಿ ನಮ್ಮನ್ನು ಮುಟ್ಟಿದ್ದು. "ಯಾರೋ ಹುಡುಗಿ ಭಾಳ ನಾಜೂಕಾಗಿ ಮಾತಾಡ್ತಿದ್ಲಪ್ಪಾ, ನಿಮಗ ಹೇಳ್ತಾಳ ಅಂತ ಸುಮ್ನಾದೆ" ಎಂದಳು ಅವ್ವ.

28 ದಿನದಂತೆ ಹದಿಮೂರು ಸಲ ಹಾಕಿದರೆ 364 ದಿನ. ಅಂದರೆ ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು ತಿಂಗಳು. ಅಧಿಕಮಾಸವನ್ನು ಲೆಕ್ಕ ಹಾಕಿದ ನಮ್ಮ ಹಿರಿಯರಿಗೂ ಅದನ್ನು ಪ್ರತಿ ವರ್ಷ ತರುವ ಧೈರ್ಯವಾಗಲಿಲ್ಲ! 30 ದಿನದ ಯೋಜನೆಯೊಂದನ್ನೂ, ಪ್ರತಿ ತಿಂಗಳು ಅದೇ ತಾರೀಖಿಗೆ ನವೀಕರಿಸಬಹುದಾದ ಇನ್ನೊಂದನ್ನೂ ಇಡಲೇಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2022ರಲ್ಲೇ ಆದೇಶಿಸಿತ್ತು. ಇಟ್ಟಿದ್ದರೂ ಇಟ್ಟಿರಬಹುದು, ನಮ್ಮ ಕಣ್ಣಿಗೆ ಮೊದಲು ಬೀಳುತ್ತಿದ್ದುದು 28ರದ್ದೇ. ಅದರೊಡನೆ ದಿನಕ್ಕೆ ಒಂದೂವರೆ ಜಿಬಿ ಡೇಟಾ. ಅಂತರ್ಜಾಲವೆಂದರೇನೆಂದು ಅರಿಯದ ಅವ್ವನ ಹೆಸರಿನಲ್ಲಿ ಅದು ಪ್ರತಿ ನಡುರಾತ್ರಿ ಆವಿಯಾಗುತ್ತಿತ್ತು.

ಫೋನಿನ ಕಥೆ ಬೇರೆಯೇ. ಹೊಸದನ್ನು ಡಬ್ಬಿಯಿಂದ ತೆಗೆದಾಗಲೇ ನಾವು ಕೇಳದ ಹತ್ತೊಂಬತ್ತು ಆ್ಯಪ್‌ಗಳು ಅದರಲ್ಲಿ ಸಂಸಾರ ಹೂಡಿದ್ದವು: ಆಟ, ಅಂಗಡಿ, ಸಾಲ, ಹಿಂದಿ ಸುದ್ದಿ. ಕೆಲವನ್ನು ಕಿತ್ತೆವು, ಕೆಲವನ್ನು ನಿಷ್ಕ್ರಿಯಗೊಳಿಸಬಹುದಿತ್ತೇ ಹೊರತು ತೆಗೆಯುವಂತಿರಲಿಲ್ಲ. ಬೀಗದ ಪರದೆಯ ಮೇಲೆ ದಿನಕ್ಕೊಂದು ಜಾಹೀರಾತು. ಕರೆ ಸ್ವೀಕರಿಸಹೋದ ಅವ್ವ ಚಪ್ಪಲಿಯಂಗಡಿಗೆ ಹೋಗಿ ಸೇರುತ್ತಿದ್ದಳು. "ಇದರಾಗ ಬಾಡಿಗಿಯವರು ಭಾಳ ಮಂದಿ ಅದಾರ" ಎಂದಿದ್ದಳು ಒಮ್ಮೆ. ಅವರು ಬಾಡಿಗೆ ಕೊಡುವುದು ನಿಜ, ಆದರೆ ಮನೆ ಕೊಂಡವರಿಗಲ್ಲ, ಕಟ್ಟಿದವನಿಗೆ. ಅಗ್ಗದ ಫೋನು ಅಗ್ಗವಾಗಿರುವುದು ಒಂದಿಷ್ಟು ಆ ಬಾಡಿಗೆಯಿಂದಲೇ. ಮೊದಲ ದಿನ ಪರದೆಯ ಮೇಲೆ ಬಂದ ಕರಾರುಪತ್ರವನ್ನು, ಇಂಗ್ಲಿಷ್ ಎಂ.ಎ. ಓದಿದ ನಾವು, ಒಂದು ಸಾಲೂ ಓದದೆ ಸಮ್ಮತಿಸಿದ್ದೆವು.

2024ರ ಡಿಸೆಂಬರಿನಲ್ಲಿ ಟ್ರಾಯ್, ಡೇಟಾ ಬೇಡದವರಿಗೆ ಬರಿಯ ಮಾತು ಮತ್ತು ಎಸ್ಸೆಮ್ಮೆಸ್ಸಿನ ಯೋಜನೆ ಇಡಬೇಕೆಂದೂ ಅದರ ಅವಧಿ 365 ದಿನಗಳವರೆಗೂ ಇರಬಹುದೆಂದೂ ನಿಯಮ ಮಾಡಿತು. ಮರುವರ್ಷ ಅವ್ವನಿಗೆ ವರ್ಷದ ಯೋಜನೆಯನ್ನೇ ಹಾಕಿಸಿದೆವು. ಇನ್ನು ಒಂದು ವರ್ಷ ಚಿಂತೆಯಿಲ್ಲವೆಂದು ಎರಡೆರಡು ಸಲ ಹೇಳಿದ್ದೂ ಆಯಿತು.

ಆದರೂ ರಾತ್ರಿ ಒಂಬತ್ತಕ್ಕೆ ತಪ್ಪದೆ ಅವಳ ಕರೆ ಬರುತ್ತದೆ. "ಹಚ್ಚಿ ನೋಡಿದೆ, ನಡದೈತಿ" ಎಂದು ಇಟ್ಟುಬಿಡುತ್ತಾಳೆ.