ಪಂಕ್ತಿಭೇದದ ಇಂಗ್ಲಿಷು

ಇಂಗ್ಲಿಷ್ ಎಂ.ಎ. ಓದುವ ಮಗ ಹೊತ್ತಿಲ್ಲ ಗೊತ್ತಿಲ್ಲ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ರ್‍ಯಾಪ್ ಕೇಳುತ್ತಾನೆಂದು ಮಂಗಳೂರಿನ ತಾಯಂದಿರು ಕೊರಗಬೇಕಾಗಿಲ್ಲ. ಅವನು ಓದುತ್ತಲೇ ಇರಬಹುದು. ರ್‍ಯಾಪರ್ ಕೆಂಡ್ರಿಕ್ ಲಮಾರ್‌ನ ಆಲ್ಬಮ್‌ಗೆ 2018ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು. ಅಕಾಲಾ ಎಂಬ ರ್‍ಯಾಪರ್ 2009ರಲ್ಲೇ ಲಂಡನ್ನಿನಲ್ಲಿ ಹಿಪ್‌ಹಾಪ್ ಶೇಕ್ಸ್‌ಪಿಯರ್ ಕಂಪನಿ ಕಟ್ಟಿದ. ಶೇಕ್ಸ್‌ಪಿಯರನ ನಾಡಿನವರಿಗೇ ಇಲ್ಲದ ಮಡಿ ನಮಗೇಕೆ?

ನಮ್ಮ ಕ್ಲಾಸುಗಳಲ್ಲಿ ಇಂಗ್ಲಿಷ್ ಕವಿತೆ ಕಣ್ಣಿನ ಪಾಲು. ಗೈಡಿನ ಸಾರಾಂಶ ಉರು ಹೊಡೆದು, ‘ಅಯಾಂಬಿಕ್ ಪೆಂಟಾಮೀಟರ್’ ಎಂದು ಛಂದಸ್ಸಿನ ಹೆಸರು ಬರೆದು ಅಡಿಗೆರೆ ಎಳೆದರೆ ಅಂಕ ಗ್ಯಾರಂಟಿ. ಅದು ಕಿವಿಗೆ ಹೇಗಿರುತ್ತದೆಂದು ಕೇಳುವವರಿಲ್ಲ. ನಮ್ಮ ನಾಲಗೆಗೋ ಪಂಕ್ತಿಭೇದ ಗೊತ್ತಿಲ್ಲ. ಎಲ್ಲ ಅಕ್ಷರಕ್ಕೂ ಸಮಪಾಲು. ಇಂಗ್ಲಿಷಿನಲ್ಲಿ ಒತ್ತು ಬಿದ್ದ ಅಕ್ಷರಕ್ಕೆ ಎರಡು ಸಲ ಪಾಯಸ, ಉಳಿದವಕ್ಕೆ ಎಲೆ ತುದಿಯ ಉಪ್ಪು. ಡೆಸ್ಕು ತಟ್ಟುತ್ತಾ ಹೇಳಿ ನೋಡಿ: ‘ಫೋಟೋಗ್ರಾಫ್’ನಲ್ಲಿ ಪೆಟ್ಟು ಮೊದಲಕ್ಷರಕ್ಕೆ, ‘ಫೊಟಾಗ್ರಫರ್’ನಲ್ಲಿ ಎರಡನೆಯದಕ್ಕೆ, ‘ಫೊಟೊಗ್ರಾಫಿಕ್’ನಲ್ಲಿ ಮೂರನೆಯದಕ್ಕೆ. ಮೇಷ್ಟ್ರು ವರ್ಷಗಟ್ಟಲೆ ತಿದ್ದಿದರೂ ಕೂರದ ಈ ಒತ್ತು, ನಾಲ್ಕು ಪೆಟ್ಟಿನ ರ್‍ಯಾಪ್ ಸಾಲಿನಲ್ಲಿ ತಾನಾಗಿ ಕೂರುತ್ತದೆ. ತಪ್ಪಿದರೆ ಪದ ತಾಳದಿಂದ ಜಾರಿ ಬೀಳುತ್ತದಲ್ಲ!

ಪ್ರಾಸದ ವಿಷಯಕ್ಕೆ ಬಂದರೆ ಈ ಊರಿನದು ಹಳೇ ವ್ಯವಹಾರ. ನಾಗವರ್ಮನ ಛಂದೋಗ್ರಂಥ ‘ಛಂದೋಂಬುಧಿ’ಯನ್ನು ಕಿಟೆಲ್ ಪಾದ್ರಿಗಳು ಸಂಪಾದಿಸಿ 1875ರಲ್ಲಿ ಹೊರತಂದದ್ದು ಮಂಗಳೂರಿನಿಂದಲೇ. ಪ್ರತಿ ಸಾಲಿನ ಎರಡನೆಯ ಅಕ್ಷರ ಒಂದೇ ಆಗಿರಬೇಕೆಂಬ ದ್ವಿತೀಯಾಕ್ಷರ ಪ್ರಾಸದ ಕಾಟ ಸಾಕೆಂದು 1911ರಲ್ಲಿ ಅದನ್ನು ಬಿಟ್ಟ ಗೋವಿಂದ ಪೈಗಳೂ ಇಲ್ಲೇ ಪಕ್ಕದ ಮಂಜೇಶ್ವರದವರು. ಹಿರಿಯರು ಕಷ್ಟಪಟ್ಟು ಬಿಡಿಸಿಕೊಂಡ ಪ್ರಾಸವನ್ನು ಮೊಮ್ಮಕ್ಕಳು ರ್‍ಯಾಪಿನ ತವರಾದ ಬ್ರಾಂಕ್ಸ್‌ನಿಂದ ಮತ್ತೆ ಮನೆಗೆ ತಂದಿದ್ದಾರೆ. ಸಾಲಿನ ತಲೆಯಲ್ಲಿದ್ದದ್ದು ಈಗ ನಡುವಿಗೂ ಬಾಲಕ್ಕೂ ಇಳಿದಿದೆ, ಅಷ್ಟೇ.

ಇನ್ನು ಸ್ಪೋಕನ್ ವರ್ಡ್, ಅಂದರೆ ವೇದಿಕೆಯಲ್ಲಿ ಹೇಳುವ ಕವಿತೆ. ಮಾರ್ಕ್ ಸ್ಮಿತ್ 1986ರಲ್ಲಿ ಶಿಕಾಗೋದ ಗ್ರೀನ್ ಮಿಲ್‌ನಲ್ಲಿ ಸ್ಲ್ಯಾಮ್ ಕಾವ್ಯ ನಡೆಸಿದಾಗ, ಸಭೆಯಲ್ಲಿದ್ದವರೇ ಕವಿಗೆ ಅಂಕ ಕೊಡುವುದು ಹೊಸದೆನಿಸಿತ್ತು. ಅಂಕದ ಮಾತು ಬಿಟ್ಟರೆ, ಬರೀ ಬಾಯಿಮಾತಿನಿಂದ ಸಭೆ ಗೆಲ್ಲುವುದು ಯಕ್ಷಗಾನದ ತಾಳಮದ್ದಳೆ ಕೇಳಿದವರಿಗೆ ಹೊಸದೇ? ಅಲ್ಲಿ ವೇಷವಿಲ್ಲ, ಕುಣಿತವಿಲ್ಲ, ಬರೆದಿಟ್ಟ ಸಂಭಾಷಣೆಯೂ ಇಲ್ಲ. ಭಾಗವತರು ಪದ ಹೇಳಿ ನಿಲ್ಲಿಸಿದರೆ ಮುಂದಿನದೆಲ್ಲ ಅರ್ಥಧಾರಿಯ ಬಾಯಲ್ಲಿ. ಶೇಣಿ ಗೋಪಾಲಕೃಷ್ಣ ಭಟ್ಟರು ವಾಲಿಯಾಗಿ ಕುಳಿತು, ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮ ಎಂದು ಶುರುಮಾಡಿದರೆ, ಎದುರಿನ ರಾಮನಿಗೆ ಅವತಾರದ ಬಲವೊಂದೇ ಸಾಲುತ್ತಿರಲಿಲ್ಲ.

ಹಾಗೆಂದು ರ್‍ಯಾಪ್ ಕೇಳಿದವರೆಲ್ಲ ನಾಳೆ ಮಿಲ್ಟನ್ ಹಿಡಿದು ಕೂರುತ್ತಾರೆಂದಲ್ಲ. ಅದರ ಕೆಲವು ಮಾತುಗಳನ್ನು ಕ್ಲಾಸಿನಲ್ಲಿ ಬಿಡಿಸಿ ಹೇಳುವುದೂ ಕಷ್ಟವೇ. ಆದರೆ ಕಿವಿಯೆಂಬುದೊಂದು ತೆರೆದರೆ ಮಿಲ್ಟನ್‌ಗೂ ಒಳಗೆ ಬರಲು ದಾರಿ ಸಿಕ್ಕೀತು. ಅದಕ್ಕೆ ಸಿಲೆಬಸ್ ಬದಲಾಗುವ ತನಕ ಕಾಯಬೇಕಿಲ್ಲ. ಇದ್ದ ಪದ್ಯವನ್ನೇ ಡೆಸ್ಕು ತಟ್ಟಿಸಿ ಗಟ್ಟಿಯಾಗಿ ಓದಿಸಿದರಾಯಿತು. ಪಕ್ಕದ ಕ್ಲಾಸಿನವರು ಪ್ರಿನ್ಸಿಪಾಲರಿಗೆ ದೂರು ಕೊಟ್ಟರೆ ಪಾಠ ಸರಿಯಾಗಿಯೇ ನಡೆದಿದೆ ಎಂದು ಲೆಕ್ಕ.